ಮೊದಲು ನಾಯಿಗಳ ಊಟ

ಪುಟ್ಟೀ, ಓದಲು ಅಲಾಸ್ಕದ ಫೇರ್‌ಬ್ಯಾಂಕ್ಸ್‌ಗೆ ಹೊರಟಿದ್ದೀಯ. ಅಲ್ಲಿ ನಾಯಿಗಳು ಎಳೆಯುವ ಹಿಮಬಂಡಿ ಓಡಿಸುವುದನ್ನೂ ಕಲಿಯುತ್ತೇನೆ ಅಂದೆಯಲ್ಲ, ಕೇಳಿ ಈ ದೊಡ್ಡಪ್ಪನಿಗೆ ಬಹಳ ಸಂತೋಷವಾಯಿತು. ಆದರೆ ನೀನು ಮಾತಾಡಿದ್ದೆಲ್ಲ ಓಟದ ವಿಷಯ. ಬಂಡಿ ನಿಂತ ಮೇಲಿನ ಕೆಲಸದ ಬಗ್ಗೆ ನಾನು ಹೇಳುತ್ತೇನೆ, ಕೇಳು.

ನಮ್ಮ ಎತ್ತುಗಳಿಗೆ ಮೂಗುದಾರವಿತ್ತು, ಹಗ್ಗ ನಮ್ಮ ಕೈಯಲ್ಲಿರುತ್ತಿತ್ತು. ಅಲ್ಲಿ ಅದಿಲ್ಲ. ಬಲಕ್ಕೆ ‘ಜೀ’, ಎಡಕ್ಕೆ ‘ಹಾ’ ಅಂತ ಕೂಗಬೇಕು, ಮುಂದಿನ ನಾಯಿ ಕೇಳಿಸಿಕೊಂಡು ತಿರುಗಬೇಕು. ಕಾಲಡಿಯ ಬ್ರೇಕು ಬಿಟ್ಟರೆ ನಿನಗಿರುವುದು ನಿನ್ನ ದನಿಯೊಂದೇ. ಆ ದನಿಗೆ ಬೆಲೆ ಬರುವುದು ತಂಗಿದ ಜಾಗದಲ್ಲಿ.

ಬೆರಳು ಎಷ್ಟೇ ಮರಗಟ್ಟಿರಲಿ, ಮೊದಲು ಹಿಮ ಕರಗಿಸಿ ನಾಯಿಗಳಿಗೆ ನೀರು, ಮಾಂಸ ಕೊಡು. ಮಲಗಲು ಹುಲ್ಲು ಹಾಸು. ಕಾಲಿನ ಬಟ್ಟೆಬೂಟು ಬಿಚ್ಚಿ ಒಂದೊಂದೇ ಪಾದ ಹಿಡಿದು ನೋಡು: ಬೆರಳ ಸಂದಿಯಲ್ಲಿ ಮಂಜುಗಡ್ಡೆ ಕೂತಿದೆಯೇ, ಚರ್ಮ ಬಿರಿದಿದೆಯೇ? ಮುಲಾಮು ಹಚ್ಚು. ನಿನ್ನ ಊಟ ಆಮೇಲೆ. ಕುಂಟುವ ನಾಯಿಯನ್ನು ಬಂಡಿಯಲ್ಲಿ ಕೂರಿಸಿಕೊಂಡು ಬರಬೇಕಾದರೂ ಸರಿ, ಓಡಿಸಬೇಡ. 1973ರಿಂದ ನಡೆದುಬಂದಿರುವ ಅಲಾಸ್ಕದ ಇಡಿಟರಾಡ್ ಹಿಮಬಂಡಿ ಓಟ ಸುಮಾರು 1,600 ಕಿಲೋಮೀಟರ್‌ನದು. ಅದರಲ್ಲಿ 24 ಗಂಟೆಯ ಒಂದು ತಂಗು, ಎಂಟೆಂಟು ಗಂಟೆಯ ಎರಡು ತಂಗು ಕಡ್ಡಾಯ. ನೀನು ನಿಯಮ ಬಂದು ನಿಲ್ಲಿಸುವವರೆಗೆ ಕಾಯಬೇಡ, ತಾಯಿ.

ಹೀಗೆ ಸಾಕಿದ ನಾಯಿಯನ್ನು ಎಷ್ಟು ನಂಬಬಹುದು ಅನ್ನುವುದಕ್ಕೆ ಒಂದು ಕತೆ ಕೇಳು. 1925ರ ಚಳಿಗಾಲದಲ್ಲಿ ಅಲಾಸ್ಕದ ನೋಮ್ ಪಟ್ಟಣದ ಮಕ್ಕಳಿಗೆ ಗಂಟಲಮಾರಿ ತಗುಲಿತ್ತು. ನೆನಾನಾದಿಂದ 674 ಮೈಲಿ ದೂರ ಔಷಧಿಯನ್ನು 20 ಸಾರಥಿಗಳು, ಸುಮಾರು 150 ನಾಯಿಗಳು ಕೈಬದಲಿಸುತ್ತ ಐದೂವರೆ ದಿನದಲ್ಲಿ ಮುಟ್ಟಿಸಿದರು. ಅವರಲ್ಲೊಬ್ಬನಾದ ಲಿಯೊನಾರ್ಡ್ ಸೆಪ್ಪಲಾ ಹೆಪ್ಪುಗಟ್ಟಿದ ನಾರ್ಟನ್ ಕೊಲ್ಲಿಯನ್ನು ಬಿರುಗಾಳಿಯಲ್ಲಿ ದಾಟುವಾಗ ದಾರಿ ಹಿಡಿದದ್ದು ಅವನ ಮುಂದಿನ ನಾಯಿ, ಹನ್ನೆರಡು ವರ್ಷದ ಟೋಗೊ. ಎಷ್ಟು ವರ್ಷ ಸಾಕಿದ ನಾಯಿಯನ್ನು ಅವನು ಅಲ್ಲಿ ನಂಬಿದ, ನೋಡು! ಕೊನೆಯ ಹಂತ ಓಡಿದ ಬಾಲ್ಟೊ ಎಂಬ ನಾಯಿಗೆ ಅದೇ ವರ್ಷ ನ್ಯೂಯಾರ್ಕಿನಲ್ಲಿ ಪ್ರತಿಮೆ ಎದ್ದಿತು. ಆ ಇಪ್ಪತ್ತು ಮಂದಿಯಲ್ಲಿ ಹಲವರು ಅಲಾಸ್ಕದ ಮೂಲನಿವಾಸಿಗಳು. ಅವರ ಹೆಸರು ಕೇಳಿದವರು ಕಡಿಮೆ. ನನಗಿದು ಅನ್ಯಾಯವಾಗಿ ಕಾಣುತ್ತದೆ. ನೀನು ಅಲ್ಲಿನ ಹಿರಿಯರನ್ನು ಹುಡುಕಿ ಕೂತು ಮಾತಾಡಿಸು, ಆ ಹೆಸರುಗಳನ್ನು ಕೇಳಿ ಬರೆದುಕೊ.

ಬಂಡಿಗೆ ತೀರ ಹತ್ತಿರ ಕಟ್ಟುವ ಜೋಡಿಯನ್ನೂ ಮರೆಯಬೇಡ. ಮುಂದಿನ ನಾಯಿಯನ್ನು ಎಲ್ಲರೂ ಹೊಗಳುತ್ತಾರೆ, ತಿರುವಿನಲ್ಲಿ ಭಾರವೆಲ್ಲ ಬೀಳುವುದು ಈ ಎರಡರ ಮೇಲೆ. ಮೊದಲ ಚಳಿಗಾಲ ಬಂಡಿ ಹತ್ತುವ ಆತುರ ಬೇಡ. ಗೂಡು ಗುಡಿಸುವ, ಹೇಲು ಎತ್ತುವ ಕೆಲಸ ಕೇಳಿ ತಗೊ. ಯಾವುದು ನಿಧಾನ ತಿನ್ನುತ್ತದೆ, ಯಾವುದು ಯಾರ ಪಕ್ಕ ಕಚ್ಚಾಡುತ್ತದೆ ಅನ್ನುವುದು ನಿನಗೆ ಅಲ್ಲೇ ತಿಳಿಯುತ್ತದೆ.