ಸಂಡೂರಿನ ಅದಿರು ಹೊರುವ ವ್ಯಾಗನ್ ಮನೆಯಲ್ಲೇ ಮಾಡಿ

ಹೊಸಪೇಟೆ ನಿಲ್ದಾಣದಲ್ಲಿ ಹಂಪಿ ಎಕ್ಸ್‌ಪ್ರೆಸ್‌ಗೋ ಅಮರಾವತಿಗೋ ಕಾಯುತ್ತ ನಿಂತವರ ಮುಂದೆ ಅದಿರು ತುಂಬಿದ ಗೂಡ್ಸ್ ಗಾಡಿ ಹಾದುಹೋಗುವುದು ಹೊಸದೇನಲ್ಲ. ವ್ಯಾಸನಕೆರೆ, ಗುಂಡಾ ರೋಡ್, ಯಶವಂತನಗರದ ಮೇಲೆ ಸ್ವಾಮಿಹಳ್ಳಿಗೆ ಹೋಗುವ ಮಾರ್ಗವಿರಲಿ, ತೋರಣಗಲ್ಲಿನಿಂದ ರಣಜಿತ್‌ಪುರಕ್ಕೆ ಹೋಗುವ ಮಾರ್ಗವಿರಲಿ, ಎರಡಕ್ಕೂ ಸಂಡೂರು ಬೆಟ್ಟಗಳ ಕಬ್ಬಿಣದ ಅದಿರೇ ಜೀವಾಳ. ಆ ಅದಿರನ್ನು ಹೊರುವ ತೆರೆದ ವ್ಯಾಗನ್ನಿನ ಹೆಸರು ಬಾಕ್ಸ್‌ಎನ್.

ಮಾದರಿ ರೈಲು ಎಂದೊಡನೆ ಹೊರದೇಶದಿಂದ ತರಿಸಿದ ದುಬಾರಿ ಸೆಟ್ಟೇ ಹಲವರ ಕಣ್ಣಮುಂದೆ ಬರುತ್ತದೆ. ಈ ಹವ್ಯಾಸಕ್ಕೆ ಅಷ್ಟು ಹಣ ಬೇಕಿಲ್ಲ. ಕಣ್ಣೆದುರಿಗಿನ ಒಂದು ವ್ಯಾಗನ್ನನ್ನು ಸರಿಯಾದ ಅಳತೆಯಲ್ಲಿ ಮಾಡುವುದೇ ಒಳ್ಳೆಯ ಆರಂಭ. ಅದಕ್ಕೆ ರಟ್ಟು, ಫೆವಿಕಾಲ್ ಮತ್ತು ತಾಳ್ಮೆ ಇದ್ದರೆ ಸಾಕು.

ಮೊದಲು ಅಳತೆ

ಮಾದರಿ ರೈಲಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ರಮಾಣ 1:87. ಇದನ್ನು ಎಚ್‌ಒ ಎನ್ನುತ್ತಾರೆ. ಅಸಲು ಅಳತೆಯನ್ನು 87ರಿಂದ ಭಾಗಿಸಿದರೆ ಮಾದರಿಯ ಅಳತೆ ಸಿಗುತ್ತದೆ. ಬಾಕ್ಸ್‌ಎನ್‌ನ ಮುಖ್ಯ ಅಳತೆಗಳು ಮಿಲಿಮೀಟರಿನಲ್ಲಿ ಹೀಗಿವೆ:

• ಕಪ್ಲರ್‌ನಿಂದ ಕಪ್ಲರ್‌ವರೆಗಿನ ಉದ್ದ: ಅಸಲು 10,713, ಮಾದರಿ 123
• ಪೆಟ್ಟಿಗೆಯ ಉದ್ದ: ಅಸಲು 9,784, ಮಾದರಿ 112.5
• ಹೊರ ಅಗಲ: ಅಸಲು 3,200, ಮಾದರಿ 37
• ಪೆಟ್ಟಿಗೆಯ ಒಳ ಆಳ: ಅಸಲು 1,950, ಮಾದರಿ 22.5
• ಹಳಿಯಿಂದ ಒಟ್ಟು ಎತ್ತರ: ಅಸಲು 3,225, ಮಾದರಿ 37
• ಎರಡು ಬೋಗಿಗಳ ನಡುಬಿಂದುಗಳ ಅಂತರ: ಅಸಲು 6,524, ಮಾದರಿ 75
• ಒಂದು ಬೋಗಿಯ ಎರಡು ಆ್ಯಕ್ಸಲ್‌ಗಳ ಅಂತರ: ಅಸಲು 2,000, ಮಾದರಿ 23
• ಗಾಲಿಯ ವ್ಯಾಸ: ಅಸಲು 1,000, ಮಾದರಿ 11.5

ಇಲ್ಲಿ ಬೋಗಿ ಎಂದರೆ ಪೆಟ್ಟಿಗೆಯ ಕೆಳಗಿನ ನಾಲ್ಕು ಗಾಲಿಗಳ ಚೌಕಟ್ಟು, ಆ್ಯಕ್ಸಲ್ ಎಂದರೆ ಎರಡು ಗಾಲಿಗಳನ್ನು ಕೂಡಿಸುವ ಅಚ್ಚು, ಕಪ್ಲರ್ ಎಂದರೆ ವ್ಯಾಗನ್‌ಗಳನ್ನು ಒಂದಕ್ಕೊಂದು ಜೋಡಿಸುವ ಕೊಂಡಿ.

ಹಳಿಯ ವಿಷಯದಲ್ಲಿ ಎಚ್ಚರ ಬೇಕು. ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿಯ ಅಗಲ 16.5 ಮಿ.ಮೀ. ಅದು ಹೊರದೇಶಗಳ 1,435 ಮಿ.ಮೀ. ಗೇಜಿಗೆ ಹೊಂದುವ ಹಳಿ. ನಮ್ಮ ಬ್ರಾಡ್‌ಗೇಜ್ 1,676 ಮಿ.ಮೀ. ಇರುವುದರಿಂದ ಮಾದರಿ ಹಳಿ 19.3 ಮಿ.ಮೀ. ಅಗಲವಿರಬೇಕು. ಹಾಗಾಗಿ ಹಳಿಯನ್ನೂ ನಾವೇ ಮಾಡಿಕೊಳ್ಳುವುದು ಲೇಸು. ಹಿರಿಯರು ನೆನೆಯುವ ಮೀಟರ್‌ಗೇಜ್ ಗಾಡಿಯನ್ನು ಮಾಡುವ ಆಸೆಯಿದ್ದವರಿಗೆ 12 ಮಿ.ಮೀ. ಹಳಿ ಹೊಂದುತ್ತದೆ.

ಬೇಕಾಗುವ ಸಾಮಾನು

ಪುಸ್ತಕ ಬೈಂಡಿಂಗ್‌ಗೆ ಬಳಸುವ 1 ಮಿ.ಮೀ. ದಪ್ಪದ ರಟ್ಟು, ಹಳೆಯ ಲಗ್ನಪತ್ರಿಕೆಗಳು, ಸ್ಟೀಲ್ ಸ್ಕೇಲ್, ಹೊಸ ಬ್ಲೇಡಿನ ಕಟ್ಟರ್, ಫೆವಿಕಾಲ್, ಉಪ್ಪುಕಾಗದ, ಎಂಟು ಶರ್ಟಿನ ಗುಂಡಿ, ಟೂತ್‌ಪಿಕ್, ರೆಡ್ ಆಕ್ಸೈಡ್ ಪ್ರೈಮರ್, ಸಣ್ಣ ಬ್ರಷ್.

ಮಾಡುವ ಬಗೆ

1. ಪೆಟ್ಟಿಗೆ: ತಳಕ್ಕೆ 112.5 × 34 ಮಿ.ಮೀ. ರಟ್ಟು ಕತ್ತರಿಸಿ. ಪಕ್ಕದ ಗೋಡೆಗಳಿಗೆ 112.5 × 23.5 ಅಳತೆಯ ಎರಡು ತುಂಡು, ತುದಿಗಳಿಗೆ 34 × 22.5 ಅಳತೆಯ ಎರಡು ತುಂಡು ಬೇಕು. ಒಂದೇ ಏಟಿಗೆ ಒತ್ತಿ ಕತ್ತರಿಸಿದರೆ ಅಂಚು ಹರಿಯುತ್ತದೆ. ಸ್ಕೇಲ್ ಹಿಡಿದು ಮೂರು ನಾಲ್ಕು ಸಲ ಹಗುರವಾಗಿ ಎಳೆಯಿರಿ. ಪಕ್ಕದ ಗೋಡೆಗಳು ತಳದ ಹೊರಬದಿಗೆ ಅಂಟಬೇಕು, ತುದಿಯ ತುಂಡುಗಳು ತಳದ ಮೇಲೆ ಕೂರಬೇಕು. ಮೂಲೆಗೆ ಬೆಂಕಿಪೆಟ್ಟಿಗೆ ಒತ್ತಿಟ್ಟು ನೇರ ನೋಡಿಕೊಳ್ಳಿ.

2. ಹೊರಪಟ್ಟಿಗಳು: ವ್ಯಾಗನ್ನಿಗೆ ರೂಪ ಬರುವುದೇ ಗೋಡೆಯ ಮೇಲಿನ ಉದ್ದುದ್ದ ಪಟ್ಟಿಗಳಿಂದ. ಪ್ಲಾಟ್‌ಫಾರಂನಿಂದ ತೆಗೆದ ಫೋಟೊದಲ್ಲಿ ಅವುಗಳನ್ನು ಎಣಿಸಿ, ಎರಡು ಪಟ್ಟಿಗಳ ನಡುವಿನ ಅಂತರವನ್ನೂ ಬಾಗಿಲುಗಳ ಜಾಗವನ್ನೂ ಗುರುತು ಹಾಕಿಕೊಳ್ಳಿ. ಲಗ್ನಪತ್ರಿಕೆಯ ಅರ್ಧ ಮಿ.ಮೀ. ದಪ್ಪದ ಕಾಗದದಿಂದ 1.5 ಮಿ.ಮೀ. ಅಗಲದ ಪಟ್ಟಿ ಕತ್ತರಿಸಿ ಅಂಟಿಸಿ. ಆಗ ಒಟ್ಟು ಅಗಲ 37 ಮಿ.ಮೀ. ಆಗುತ್ತದೆ.

3. ಗಾಲಿ: ಸಾಮಾನ್ಯ ಶರ್ಟಿನ ಗುಂಡಿಯ ವ್ಯಾಸ ಸುಮಾರು 11 ಮಿ.ಮೀ. ನಮಗೆ ಬೇಕಾದದ್ದೂ ಹೆಚ್ಚುಕಡಿಮೆ ಅಷ್ಟೇ. ನಡುವೆ ತೂತು ಕೊರೆದು ಟೂತ್‌ಪಿಕ್ ಏರಿಸಿ. ಗಾಲಿ ಹಳಿ ಬಿಟ್ಟು ಜಾರದಂತೆ ತಡೆಯುವ ಅಂಚಿಗಾಗಿ ಒಳಮುಖಕ್ಕೆ 12.5 ಮಿ.ಮೀ. ವ್ಯಾಸದ ಕಾಗದದ ಬಿಲ್ಲೆ ಅಂಟಿಸಿ. ಎರಡು ಗಾಲಿಗಳ ಒಳಮುಖಗಳ ನಡುವೆ 18.4 ಮಿ.ಮೀ. ಇರಲಿ.

4. ಬೋಗಿ: ರಟ್ಟಿನ ಎರಡು ಪಕ್ಕಪಟ್ಟಿಗಳಲ್ಲಿ 23 ಮಿ.ಮೀ. ಅಂತರದಲ್ಲಿ ಆ್ಯಕ್ಸಲ್ ಕೂರಿಸಿ, ನಡುವೆ ಅಡ್ಡಪಟ್ಟಿ ಕೊಡಿ. ಅದನ್ನು ಪೆಟ್ಟಿಗೆಯ ತಳಕ್ಕೆ ಸಣ್ಣ ಸ್ಕ್ರೂನಿಂದ, ತಿರುಗುವಷ್ಟು ಸಡಿಲವಾಗಿ ಬಿಗಿಯಿರಿ. ಗಾಜಿನ ಮೇಲೆ ನಿಲ್ಲಿಸಿ ಎತ್ತರ ಅಳೆಯಿರಿ. ಕಡಿಮೆ ಬಂದರೆ ಅಡ್ಡಪಟ್ಟಿಯ ಮೇಲೆ ಕಾಗದದ ತುಂಡು ಸೇರಿಸಿ 37 ಮಿ.ಮೀ.ಗೆ ತನ್ನಿ.

5. ಬಣ್ಣ: ಅಂಚುಗಳನ್ನು ಉಪ್ಪುಕಾಗದದಿಂದ ಉಜ್ಜಿ. ಪ್ರೈಮರನ್ನು ತೆಳುವಾಗಿ ಎರಡು ಸಲ ಬಳಿಯಿರಿ. ದಪ್ಪಗೆ ಬಳಿದರೆ ಪಟ್ಟಿಗಳೆಲ್ಲ ಮುಚ್ಚಿಹೋಗುತ್ತವೆ. ಒಣಗಿದ ಮೇಲೆ ವ್ಯಾಗನ್ ಸಂಖ್ಯೆ ಬರೆಯಿರಿ. ಭಾರತೀಯ ರೈಲ್ವೆಯ ವ್ಯಾಗನ್ ಸಂಖ್ಯೆಯಲ್ಲಿ 11 ಅಂಕಿಗಳಿರುತ್ತವೆ: ಮೊದಲ ಎರಡು ಬಗೆಯನ್ನು, ಮುಂದಿನ ಎರಡು ಯಾವ ರೈಲ್ವೆಯದು ಎಂಬುದನ್ನು, ಐದು ಮತ್ತು ಆರನೆಯವು ತಯಾರಾದ ವರ್ಷವನ್ನು ಹೇಳುತ್ತವೆ.

6. ಅದಿರು: ಹೊಸಬರು ಪೆಟ್ಟಿಗೆಯ ಬಾಯಿವರೆಗೂ ತುಂಬಿಬಿಡುತ್ತಾರೆ. ಅದು ಕಲ್ಲಿದ್ದಲಿಗೆ ಸರಿ, ಅದಿರಿಗಲ್ಲ. ಬಾಕ್ಸ್‌ಎನ್‌ನಲ್ಲಿ ಸುಮಾರು 56 ಘನಮೀಟರ್ ಜಾಗವಿದ್ದರೂ ಮೂಲ ವಿನ್ಯಾಸದಂತೆ ಅದು ಹೊರಬೇಕಾದ ಭಾರ 58 ಟನ್. ಅದಿರು ಅಷ್ಟು ಭಾರವಾದ್ದರಿಂದ ಪೆಟ್ಟಿಗೆ ಅರ್ಧ ತುಂಬುವ ಮೊದಲೇ ಮಿತಿ ಮುಟ್ಟುತ್ತದೆ. ನಿಲ್ದಾಣದ ಮೇಲ್ಸೇತುವೆಯಿಂದ ನೋಡಿದರೆ ಇದು ಸ್ಪಷ್ಟವಾಗಿ ಕಾಣುತ್ತದೆ. ಮಾದರಿಯಲ್ಲೂ ಅರ್ಧಕ್ಕಿಂತ ಕೆಳಗೇ ಇರಲಿ. ಮನೆಯಂಗಳದ ಕೆಮ್ಮಣ್ಣನ್ನು ಚಹಾ ಜಾಲರಿಯಲ್ಲಿ ಸೋಸಿ, ಫೆವಿಕಾಲ್ ನೀರಿನಲ್ಲಿ ಕಲಸಿ ಹರಡಿ. ಹೆಮಟೈಟ್ ಅದಿರಿನ ಪುಡಿ ಕೆಂಪು, ಗಟ್ಟಿ ಕಲ್ಲು ಕಪ್ಪು ಮಿಶ್ರಿತ ಬೂದು. ಆದ್ದರಿಂದ ಒಣಗಿದ ಮೇಲೆ ಅಲ್ಲಲ್ಲಿ ಕಪ್ಪು ಬಣ್ಣವನ್ನು ಒಣ ಬ್ರಷ್ಷಿನಿಂದ ಸವರಿ. ಮುಂದೆ ಎಂಜಿನ್ನಿನ ಹಿಂದೆ ಓಡಿಸುವ ಯೋಚನೆಯಿದ್ದರೆ ಅದಿರಿನಡಿ ಕಬ್ಬಿಣದ ನಟ್ಟುಗಳನ್ನಿಟ್ಟು ಒಟ್ಟು ತೂಕ 95 ಗ್ರಾಂ ಆಸುಪಾಸಿಗೆ ತನ್ನಿ. ಹಗುರ ವ್ಯಾಗನ್ ತಿರುವಿನಲ್ಲಿ ಹಳಿ ತಪ್ಪುತ್ತದೆ.

7. ಹಳಿ: ಕಾಂಕ್ರೀಟ್ ಸ್ಲೀಪರ್‌ಗಳಿಗೆ 32 × 3 ಮಿ.ಮೀ. ರಟ್ಟಿನ ತುಂಡು ಕತ್ತರಿಸಿ, ಹಲಗೆಯ ಮೇಲೆ ನಡುವಿನಿಂದ ನಡುವಿಗೆ 7 ಮಿ.ಮೀ.ಗೊಂದರಂತೆ ಅಂಟಿಸಿ. ಅವುಗಳ ಮೇಲೆ 2 ಮಿ.ಮೀ. ದಪ್ಪದ ತಂತಿ ಅಥವಾ ಬಿದಿರು ಕಡ್ಡಿಗಳನ್ನು 19.3 ಮಿ.ಮೀ. ಅಂತರದಲ್ಲಿ ಕೂರಿಸಿ. ಸ್ಲೀಪರ್‌ಗಳ ನಡುವೆ ಸೋಸಿದ ಎಂ-ಸ್ಯಾಂಡ್ ಉದುರಿಸಿ, ನೀರು ಬೆರೆಸಿದ ಫೆವಿಕಾಲನ್ನು ಹನಿಹನಿಯಾಗಿ ಬಿಡಿ. ಅದಕ್ಕೆ ಒಂದು ತೊಟ್ಟು ಪಾತ್ರೆ ತೊಳೆಯುವ ಲಿಕ್ವಿಡ್ ಸೇರಿಸಿದರೆ ಮರಳಿನೊಳಗೆ ಚೆನ್ನಾಗಿ ಇಳಿಯುತ್ತದೆ.

ಸುತ್ತಲಿನ ನೋಟ

ಮನೆ ಕಟ್ಟುವಲ್ಲಿ ಸಿಗುವ 40 ಮಿ.ಮೀ. ಜಲ್ಲಿಕಲ್ಲು ಈ ಪ್ರಮಾಣದಲ್ಲಿ ಮೂರೂವರೆ ಮೀಟರಿನ ಬಂಡೆ. ನಾಲ್ಕನ್ನು ಒಂದರ ಮೇಲೊಂದು ಪೇರಿಸಿದರೆ ಹಂಪಿಯ ಗುಡ್ಡ ಮೈದಾಳುತ್ತದೆ. ಕಂಪ್ಲಿ ಕಡೆಯ ಭತ್ತದ ಗದ್ದೆಗೆ ಹಸಿರು ಬಣ್ಣ ಹಾಕಿದ ಗೋಣಿನಾರು ಸಾಕು. ಹೊಳೆಯ ಹರಿಗೋಲಿಗೆ ಸೋಡಾ ಬಾಟಲಿಯ ಮುಚ್ಚಳವೇ ಅಳತೆಗೆ ಒಪ್ಪುತ್ತದೆ. ತುಂಗಭದ್ರಾ ಅಣೆಕಟ್ಟೆಯನ್ನು ಮಾತ್ರ ಇದೇ ಪ್ರಮಾಣದಲ್ಲಿ ಮಾಡಹೊರಡಬೇಡಿ. ಅದರ 2,449 ಮೀಟರ್ ಉದ್ದ 1:87ರಲ್ಲಿ 28 ಮೀಟರ್ ಆಗುತ್ತದೆ. 33 ಗೇಟುಗಳ ಆ ಕಟ್ಟೆಗೆ 1:1000 ಪ್ರಮಾಣ ಆರಿಸಿದರೆ ಎರಡೂವರೆ ಮೀಟರಿನಲ್ಲಿ ಮುಗಿಯುತ್ತದೆ.

ಎಚ್ಚರಿಕೆ

ಅಳತೆಗಾಗಿ ಹಳಿಗೆ ಇಳಿಯಲೇಬೇಡಿ. 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ನಿನಂತೆ ಅದು ಶಿಕ್ಷಾರ್ಹ ಅಪರಾಧ. ಮೇಲಿನ ತಂತಿಯಲ್ಲಿ 25,000 ವೋಲ್ಟ್ ವಿದ್ಯುತ್ ಹರಿಯುತ್ತದೆ. ಮೇಲ್ಸೇತುವೆಯಿಂದ ಸೆಲ್ಫಿ ಕೋಲು ಚಾಚುವುದು ಪ್ರಾಣಕ್ಕೇ ಸಂಚಕಾರ. ಮಾದರಿಗಾಗಿ ಹಂಪಿಯ ಸ್ಮಾರಕಗಳ ಬಳಿಯಿಂದ ಒಂದು ಚೂರು ಕಲ್ಲನ್ನೂ ತರಬಾರದು. ಮಕ್ಕಳು ಕಟ್ಟರ್ ಹಿಡಿದಾಗ ದೊಡ್ಡವರು ಪಕ್ಕದಲ್ಲಿರಲಿ. ಮಣ್ಣು ಸೋಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಮುಂದೇನು?

ಹಳೆಯ ಎಂಜಿನ್, ಗಾಡಿಗಳನ್ನು ಹತ್ತಿರದಿಂದ ನೋಡಿ ಅಳತೆ ಗ್ರಹಿಸಲು 1979ರಲ್ಲಿ ಆರಂಭವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯವೂ 2020ರಲ್ಲಿ ತೆರೆದ ಹುಬ್ಬಳ್ಳಿಯದೂ ಒಳ್ಳೆಯ ತಾಣಗಳು. 58 ವ್ಯಾಗನ್‌ಗಳ ಪೂರ್ತಿ ರೇಕ್ ಮಾಡಿದರೆ ಅದು ಏಳು ಮೀಟರಿಗೂ ಉದ್ದವಾಗುತ್ತದೆ. ಒಬ್ಬರಿಗೆ ಅದು ಬಹಳ ಕೆಲಸ. ಒಂದು ಶಾಲೆಗೆ ತಲೆಗೊಂದು ವ್ಯಾಗನ್ನಿನಂತೆ ಒಂದು ವರ್ಷದ ಕೆಲಸ. ಅನುಪಾತ, ಭಾಗಾಕಾರ, ಸಾಂದ್ರತೆ ಮೂರನ್ನೂ ಮಕ್ಕಳು ಕೈಯಾರೆ ಕಲಿಯುತ್ತಾರೆ. ಹೊಸಪೇಟೆ, ಸಂಡೂರು, ಕಂಪ್ಲಿಯ ಗಣಿತ ಮತ್ತು ವಿಜ್ಞಾನ ಶಿಕ್ಷಕರು ಈ ಸಾಲಿನ ವಿಜ್ಞಾನ ಮೇಳಕ್ಕೆ ಇದನ್ನು ಕೈಗೆತ್ತಿಕೊಳ್ಳಲಿ.