ಗಿಣ್ಣದ ಹಾಲು ಕಲಿಸುವ ಪಾಠ

ಮಲಪ್ರಭಾ ನದಿಯ ದಂಡೆಯ ಕೊಣ್ಣೂರಿನಲ್ಲಾಗಲಿ, ನರಗುಂದ, ರೋಣ, ಗಜೇಂದ್ರಗಡ ತಾಲೂಕುಗಳ ಬೇರೆ ಹಳ್ಳಿಗಳಲ್ಲಾಗಲಿ, ಮನೆಯ ಆಕಳೋ ಎಮ್ಮೆಯೋ ಈದರೆ ಎಲ್ಲರಿಗೂ ಸಂತೋಷ. ಮೊದಲ ದಿನಗಳ ಮಂದವಾದ ಹಾಲಿಗೆ ಬೆಲ್ಲ, ಏಲಕ್ಕಿ ಕೂಡಿಸಿ, ಹಬೆಯಲ್ಲಿ ಬೇಯಿಸಿ ಗಿಣ್ಣ ಮಾಡುವುದು, ನೆರೆಮನೆಗೂ ಒಂದು ಬಟ್ಟಲು ಕಳುಹಿಸುವುದು ನಮ್ಮ ವಾಡಿಕೆ. ಹೆಪ್ಪು ಹಾಕದೆ, ಹುಳಿ ಹಿಂಡದೆ, ಕೇವಲ ಕಾವಿನಿಂದ ಈ ಹಾಲು ಗಟ್ಟಿಯಾಗುತ್ತದೆ. ದಿನನಿತ್ಯದ ಹಾಲನ್ನು ಎಷ್ಟು ಕುದಿಸಿದರೂ ಹೀಗಾಗದು. ಇದಕ್ಕೆ ಕಾರಣವೇನು? ಇದನ್ನು ಅರಿತರೆ ಕರುವಿನ ಹಾಗೂ ನಮ್ಮ ಕೂಸಿನ ಜೀವಕ್ಕೆ ಸಂಬಂಧಿಸಿದ ಒಂದು ಮುಖ್ಯ ವಿಷಯವು ತಿಳಿಯುತ್ತದೆ.

ಎರಡು ಬಗೆಯ ಸಸಾರಜನಕ

ಹಸಿ ಹಾಲು ಹುಳಿಯಾಗಿ ಒಡೆದಾಗ ಗಟ್ಟಿಯಾಗಿ ನಿಲ್ಲುವ ಸಸಾರಜನಕಕ್ಕೆ ಕೇಸೀನ್ ಎಂದು ಹೆಸರು. ಮೇಲೆ ಕಾಣುವ ತಿಳಿನೀರಿನಲ್ಲಿ ಕರಗಿ ಉಳಿಯುವುದು ಇನ್ನೊಂದು ಬಗೆ. ಆಕಳ ಹಾಲಿನ ಸಸಾರಜನಕದ ಐದು ಪಾಲಿನಲ್ಲಿ ಸುಮಾರು ನಾಲ್ಕು ಪಾಲು ಕೇಸೀನ್, ಒಂದು ಪಾಲು ತಿಳಿನೀರಿನದು. ಕಾವಿಗೆ ಬೇಗನೆ ಬದಲಾಗುವುದು ಈ ಎರಡನೆಯ ಬಗೆ.

ಕಾವು ಮಾಡುವ ಕೆಲಸ

ತಿಳಿನೀರಿನ ಸಸಾರಜನಕದ ಒಂದೊಂದು ಕಣವೂ ಬಿಗಿಯಾಗಿ ಸುತ್ತಿದ ನೂಲಿನ ಉಂಡೆಯಂತಿದೆ. ಕಾವು ಸುಮಾರು 70 ಡಿಗ್ರಿ ಸೆಂಟಿಗ್ರೇಡ್ ದಾಟಿದಾಗ ಈ ಉಂಡೆ ಬಿಚ್ಚಿಕೊಳ್ಳತೊಡಗುತ್ತದೆ. ಒಳಗೆ ಅಡಗಿದ್ದ ಗಂಧಕಾಂಶವುಳ್ಳ ಭಾಗಗಳು ಹೊರಬಂದು ಪಕ್ಕದ ಕಣಗಳೊಡನೆ ಹೆಣೆದುಕೊಳ್ಳುತ್ತವೆ. ಕೋಳಿಮೊಟ್ಟೆಯ ಬಿಳಿಭಾಗವು ಬೆಂದು ಗಟ್ಟಿಯಾಗುವುದೂ ಹೆಚ್ಚುಕಡಿಮೆ ಹೀಗೆಯೇ. ಒಮ್ಮೆ ಹೆಣೆದುಕೊಂಡದ್ದು ಆರಿದ ಮೇಲೂ ಮೊದಲಿನಂತಾಗದು.

ದಿನನಿತ್ಯದ ಹಾಲಿನಲ್ಲಿ ಇಂತಹ ಕಣಗಳು ಕಡಿಮೆ. ಅವು ಕೇಸೀನಿಗೆ ಅಂಟಿಕೊಳ್ಳುವುದರಿಂದ ಹಾಲು ಹೆಪ್ಪುಗಟ್ಟುವುದಿಲ್ಲ. ಚೆನ್ನಾಗಿ ಕಾಯಿಸಿದ ಹಾಲಿನ ಮೊಸರು ಗಟ್ಟಿಯಾಗಿರುವುದಕ್ಕೆ ಇದೂ ಒಂದು ಕಾರಣ. ಆದರೆ ಆಕಳು ಈದ ಮೇಲೆ ಮೊದಲು ಹಿಂಡಿದ ಹಾಲಿನಲ್ಲಿ ನೂರು ಗ್ರಾಮಿಗೆ ಸುಮಾರು 14 ಗ್ರಾಂ ಸಸಾರಜನಕವಿರುತ್ತದೆ. ದಿನನಿತ್ಯದ ಹಾಲಿನಲ್ಲಿರುವುದು 3 ಗ್ರಾಮಿಗೆ ತುಸು ಹೆಚ್ಚು. ಹೀಗೆ ಹೆಚ್ಚಾದುದರಲ್ಲಿ ಬಹುಪಾಲು ತಿಳಿನೀರಿನ ಬಗೆಯದು. ಆದುದರಿಂದಲೇ ಪಾತ್ರೆಯ ಹಾಲೆಲ್ಲ ಗಿಣ್ಣವಾಗುತ್ತದೆ. ದಿನ ಕಳೆದಂತೆ ಈ ಅಂಶವು ಇಳಿದು, ಕೆಲವು ದಿನಗಳಲ್ಲಿ ಗಿಣ್ಣ ಕಟ್ಟುವುದು ನಿಲ್ಲುತ್ತದೆ. ಗಿಣ್ಣದ ಹಾಲನ್ನು ಹಾಲಿನ ಸಂಘಗಳು ಸ್ವೀಕರಿಸದಿರುವುದೂ ಇದಕ್ಕಾಗಿಯೇ. ಕಾಯಿಸುವಾಗ ಅದು ಗಟ್ಟಿಯಾಗಿ ಎಲ್ಲರ ಹಾಲನ್ನೂ ಕೆಡಿಸುತ್ತದೆ.

ಈ ಸಸಾರಜನಕ ಯಾರಿಗಾಗಿ?

ಗಿಣ್ಣವನ್ನು ಗಟ್ಟಿ ಮಾಡುವ ಸಸಾರಜನಕದಲ್ಲಿ ದೊಡ್ಡ ಪಾಲು ರೋಗನಿರೋಧಕ ವಸ್ತುಗಳದು. ಕರುವು ಹುಟ್ಟುವಾಗ ಅದರ ರಕ್ತದಲ್ಲಿ ಇವು ಇಲ್ಲವೆನ್ನುವಷ್ಟು ಕಡಿಮೆ. ಮೊದಲ ಹಾಲನ್ನು ಕುಡಿದಾಗ ಇವು ಕರುಳಿನ ಮೂಲಕ ರಕ್ತವನ್ನು ಸೇರುತ್ತವೆ. ಆ ದಾರಿಯು ತಾಸು ತಾಸಿಗೂ ಕಿರಿದಾಗುತ್ತ ಸುಮಾರು 24 ತಾಸಿನಲ್ಲಿ ಮುಚ್ಚಿಹೋಗುತ್ತದೆ. ಬೇಯಿಸಿದ ಗಿಣ್ಣವು ನಮಗೆ ಒಳ್ಳೆಯ ಆಹಾರ, ನಿಜ. ಆದರೆ ಅದರ ರಕ್ಷಣಾಶಕ್ತಿಯು ಕಾವಿನಲ್ಲಿ ನಾಶವಾಗಿರುತ್ತದೆ. ಆದುದರಿಂದ ಮೊದಲು ಕರು ಹೊಟ್ಟೆ ತುಂಬ ಕುಡಿಯಲಿ. ಮಿಕ್ಕಿದ್ದು ನಮ್ಮ ಬಟ್ಟಲಿಗೆ ಬರಲಿ.

ನಮ್ಮ ಕೂಸಿನ ಪಾಲು

ಆಕಳ ಮೊದಲ ಹಾಲನ್ನು ಹಂಚಿ ಉಣ್ಣುವ ನಾವು ಬಾಣಂತಿಯ ಮೊದಲ ಹಾಲನ್ನು ಮಾತ್ರ "ಕೆಟ್ಟ ಹಾಲು" ಎಂದು ಹಿಂಡಿ ಚೆಲ್ಲುವುದುಂಟು. ಕೂಸಿಗೆ ಜೇನುತುಪ್ಪ, ಸಕ್ಕರೆ ನೀರು, ಹರಳೆಣ್ಣೆ ನೆಕ್ಕಿಸುವುದುಂಟು. ಇದು ದೊಡ್ಡ ತಪ್ಪು. ತಾಯಿಯ ಹಳದಿ ಹಾಲು ಅಳತೆಯಲ್ಲಿ ಸ್ವಲ್ಪವಾದರೂ ಕೂಸಿನ ಪುಟ್ಟ ಹೊಟ್ಟೆಗೆ ಸಾಕಾಗುತ್ತದೆ. ಅದರಲ್ಲಿರುವ ನಿರೋಧಕ ವಸ್ತುಗಳು ಕರುಳನ್ನು ಕಾಯುತ್ತವೆ. ಮೊಲೆಯಿಂದ ನೇರವಾಗಿ ಬರುವ ಈ ಹಾಲಿಗೆ ಕಾವು ತಾಗುವುದಿಲ್ಲ. ಅದರ ಶಕ್ತಿಯೆಲ್ಲವೂ ಕೂಸಿಗೆ ದೊರೆಯುತ್ತದೆ. ಕೂಸಿಗೆ ಹೀರುವ ಶಕ್ತಿ ಇಲ್ಲದಿದ್ದರೆ ದಾದಿಯರ ಸಲಹೆಯಂತೆ ಶುಭ್ರವಾದ ಬಟ್ಟಲಿಗೆ ಹಿಂಡಿ ಚಮಚದಿಂದ ಕುಡಿಸಬೇಕು, ಅದನ್ನು ಕುದಿಸಬಾರದು.

ಈ ಮಾತನ್ನು ಬಾಣಂತಿಯೊಬ್ಬಳೇ ತಿಳಿದಿದ್ದರೆ ಸಾಲದು. ಹೆರಿಗೆಗೆ ಮೊದಲೇ ಗಂಡನು ಇದನ್ನರಿತು, ಮನೆಯ ಹಿರಿಯರಿಗೆ ವಿನಯದಿಂದ ತಿಳಿಹೇಳಬೇಕು.

ಹಾಗಾದರೆ ಹಾಲನ್ನು ಕುದಿಸಬಾರದೇ?

ಆಕಳು, ಎಮ್ಮೆಯ ಹಾಲನ್ನು ಅವಶ್ಯವಾಗಿ ಕುದಿಸಿಯೇ ಕುಡಿಯಬೇಕು. ಹಸಿ ಹಾಲಿನಿಂದ ಕ್ಷಯ, ಬ್ರೂಸೆಲ್ಲಾ ಮುಂತಾದ ರೋಗಗಳು ಬರಬಹುದು. ಕುದಿಸಿದಾಗ ಸಸಾರಜನಕದ ರೂಪ ಬದಲಾದರೂ ಆಹಾರವಾಗಿ ಅದರ ಬೆಲೆ ಕುಂದುವುದಿಲ್ಲ.

ನೆನಪಿಡಿ

1. ಹುಟ್ಟಿದ ಒಂದು ತಾಸಿನೊಳಗೆ ಕೂಸಿಗೆ ಮೊಲೆ ಕೊಡಿರಿ. ಹಳದಿ ಹಾಲನ್ನು ಚೆಲ್ಲಬೇಡಿರಿ.
2. ಆರು ತಿಂಗಳವರೆಗೆ ತಾಯಿಯ ಹಾಲೊಂದೇ ಸಾಕು, ನೀರೂ ಬೇಡ.
3. ಕರುವಿಗೆ ಮೊದಲ ಒಂದೆರಡು ತಾಸಿನಲ್ಲಿಯೇ ಗಿಣ್ಣದ ಹಾಲನ್ನು ಕುಡಿಸಿರಿ.
4. ಮನೆಮಂದಿಗೆ ಕೊಡುವ ಹಾಲನ್ನು ಕುದಿಸಿಯೇ ಕೊಡಿರಿ.

ಹೆಚ್ಚಿನ ವಿಷಯಕ್ಕೆ ಆಶಾ ಕಾರ್ಯಕರ್ತೆಯನ್ನು ಅಥವಾ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ದಾದಿಯರನ್ನು ಕೇಳಿರಿ. ಮುಂದೆ ನಿಮ್ಮ ಮನೆಯಲ್ಲಿ ಗಿಣ್ಣ ಮಾಡಿದ ದಿನ ಈ ಪಾಠವನ್ನು ಸತಿಪತಿಗಳಿಬ್ಬರೂ ಕೂಡಿ ಮತ್ತೊಮ್ಮೆ ಓದಿರಿ.