ವೇಳೆ ಒಂದೇ, ಲೆಕ್ಕ ಎರಡು

ಪ್ರಶ್ನೆ: ನನ್ನ ಮಗಳಿಗೆ ಚೊಚ್ಚಲ ಹೆರಿಗೆಯಲ್ಲೇ ಅವಳಿ ಗಂಡುಮಕ್ಕಳು. ದಿನ ತುಂಬುವ ಮೊದಲೇ, 35ನೇ ವಾರಕ್ಕೆ ಹುಟ್ಟಿದವು. ಈಗ ಎರಡು ತಿಂಗಳು. ಬಾಣಂತನ ನಮ್ಮ ಮನೆಯಲ್ಲೇ ನಡೆದಿದೆ. ಅಳಿಯಂದಿರು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ, ವಾರಕ್ಕೊಮ್ಮೆ ಬಂದು ಹೋಗುತ್ತಾರೆ. ಒಂದು ಮಲಗಿತು ಅನ್ನುವಷ್ಟರಲ್ಲಿ ಇನ್ನೊಂದು ಏಳುತ್ತದೆ. ಮಗಳೂ ನಾನೂ ಸರಿಯಾಗಿ ನಿದ್ದೆ ಕಂಡಿಲ್ಲ. ಮಲಗಿದ ಕೂಸನ್ನು ಎಬ್ಬಿಸಬಾರದು ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ಪಕ್ಕದ ಮನೆಯ ನರ್ಸ್ ಎಬ್ಬಿಸಿ ಕುಡಿಸಿ ಅನ್ನುತ್ತಾಳೆ. ಯಾವುದು ಸರಿ? ದಿನ ಸುಲಭವಾಗಲು ಬೇರೆ ಉಪಾಯಗಳಿದ್ದರೆ ತಿಳಿಸಿ.
– ಒಬ್ಬ ಅಜ್ಜಿ, ತಿಪಟೂರು

ಉತ್ತರ: ನರ್ಸ್ ಹೇಳಿದ್ದೇ ಸರಿ, ಎಬ್ಬಿಸಿ. ನಿಮ್ಮ ಅತ್ತೆಯವರ ಮಾತೂ ಸುಳ್ಳಲ್ಲ, ಆದರೆ ಅದು ತೊಟ್ಟಿಲಲ್ಲಿ ಒಂದೇ ಕೂಸಿರುವ ಮನೆಯ ಮಾತು.

ಒಂದಿಷ್ಟು ಲೆಕ್ಕ ಹಾಕಿ ನೋಡಿ. ಈ ವಯಸ್ಸಿನ ಮಗು ದಿನಕ್ಕೆ ಏನಿಲ್ಲವೆಂದರೂ 8 ಸಲ ಹಾಲು ಕುಡಿಯುತ್ತದೆ. ಕುಡಿಸಿ, ತೇಗಿಸಿ, ಬಟ್ಟೆ ಬದಲಿಸಿ ಮಲಗಿಸಲು ಸಲಕ್ಕೆ 40 ನಿಮಿಷ ಅಂದುಕೊಳ್ಳೋಣ. ಎರಡನ್ನೂ ಬೇರೆ ಬೇರೆ ಹೊತ್ತಿಗೆ ನೋಡಿಕೊಂಡರೆ ಇಷ್ಟಕ್ಕೇ 10 ಗಂಟೆ 40 ನಿಮಿಷ ಬೇಕು. ಅಷ್ಟು ಹೊತ್ತು ಬಾಣಂತಿ ಎದ್ದು ಕೂತಿದ್ದರೆ, ಉಳಿದ ಸಮಯದಲ್ಲಿ ಸಿಗುವುದು ಚೂರುಪಾರು ನಿದ್ದೆ ಮಾತ್ರ. ಎರಡಕ್ಕೂ ಒಂದೇ ವೇಳೆ ಮಾಡಿಕೊಂಡರೆ ಸುಮಾರು ಅರ್ಧ ಸಮಯ ಉಳಿಯುತ್ತದೆ. ಅವಳಿ ಮಕ್ಕಳ ಮನೆಯಲ್ಲಿ ಮಾಡಬೇಕಾದ ಮೊದಲ ಕೆಲಸ ಇದು. ಮಿಕ್ಕವೆಲ್ಲ ಆಮೇಲಿನವು.

ಹಾಗೆಂದು ಗಡಿಯಾರ ಹಿಡಿದು ಕೂರಬೇಕಿಲ್ಲ. ಹಸಿದು ಮೊದಲು ಎದ್ದ ಮಗುವೇ ನಿಮ್ಮ ಗಡಿಯಾರ. ಅದಕ್ಕೆ ಬಟ್ಟೆ ಬದಲಿಸಿ ಅಮ್ಮನ ಕೈಗೆ ಕೊಡಿ. ಆಮೇಲೆ ಇನ್ನೊಂದರ ಹೊದಿಕೆ ತೆಗೆದು, ಅಂಗಾಲು ಸವರಿ, ಲಂಗೋಟಿ ಬದಲಿಸಿ. ಅಷ್ಟಕ್ಕೆ ಸಾಮಾನ್ಯವಾಗಿ ಕಣ್ಣು ಬಿಡುತ್ತದೆ. ಕೂಡಲೇ ಏಳದಿದ್ದರೆ ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ದಿನ ತುಂಬದೆ ಹುಟ್ಟಿದ ಸಣ್ಣ ಕೂಸುಗಳು ಹಸಿವಾದರೂ ಅಳದೆ ಮಲಗಿಬಿಡುವುದುಂಟು. ಆದ್ದರಿಂದ ಎಬ್ಬಿಸುವುದು ಅವಕ್ಕೂ ಒಳ್ಳೆಯದೇ.

ಇಬ್ಬರಿಗೂ ಒಟ್ಟಿಗೇ ಎದೆಹಾಲು ಕೊಡಬಹುದು. ಮಗಳು ಗೋಡೆಗೆ ಒರಗಿ ಕೂರಲಿ. ಎರಡೂ ಪಕ್ಕಕ್ಕೆ ದಪ್ಪ ದಿಂಬುಗಳಿರಲಿ. ಒಂದೊಂದು ಮಗುವನ್ನು ಒಂದೊಂದು ಕಂಕುಳ ಕೆಳಗೆ, ಕಾಲುಗಳು ತಾಯಿಯ ಬೆನ್ನಿನ ಕಡೆ ಬರುವಂತೆ ಮಲಗಿಸಿ, ತಲೆಯನ್ನು ಅಂಗೈಯಲ್ಲಿ ಹಿಡಿಯಬೇಕು. ಒಂದು ಸರಿಯಾಗಿ ಬಾಯಿ ಹಚ್ಚಿದ ಮೇಲೆಯೇ ಎರಡನೆಯದನ್ನು ನೀವು ಎತ್ತಿ ಕೊಡಿ. ಆರಂಭದಲ್ಲಿ ಇದಕ್ಕೆ ಮೂರನೇ ಕೈ ಬೇಕೇ ಬೇಕು, ಆ ಕೈ ನಿಮ್ಮದು. ದಿನ ಬಿಟ್ಟು ದಿನ ಮಗ್ಗುಲು ಬದಲಿಸಿ. ಒಬ್ಬ ಜೋರಾಗಿ ಚೀಪುತ್ತಾನೆ, ಇನ್ನೊಬ್ಬ ನಿಧಾನಸ್ಥ. ನಿಧಾನಸ್ಥನ ಪಾಲಿಗೆ ಯಾವಾಗಲೂ ಒಂದೇ ಕಡೆ ಬಂದರೆ ಆ ಕಡೆಯ ಹಾಲು ಕಡಿಮೆಯಾಗುತ್ತದೆ.

ನೋಡಲು ಬಂದವರು "ಎರಡಕ್ಕೆ ಹಾಲು ಎಲ್ಲಿ ಸಾಲುತ್ತೆ?" ಎಂದು ಕೇಳಿಯೇ ಕೇಳುತ್ತಾರೆ. ಎದೆ ಬರಿದಾದಷ್ಟೂ ಹಾಲು ಊರುತ್ತದೆ. ಹೆಚ್ಚಿನ ತಾಯಂದಿರಲ್ಲಿ ಎರಡು ಬಾಯಿ ಚೀಪಿದರೆ ಎರಡು ಬಾಯಿಗಾಗುವಷ್ಟು ಬರುತ್ತದೆ. ಪ್ರತಿ ಮಗು ದಿನಕ್ಕೆ ಆರಕ್ಕಿಂತ ಹೆಚ್ಚು ಸಲ ಉಚ್ಚೆ ಮಾಡುತ್ತಿದ್ದು, ತೂಕವೂ ಏರುತ್ತಿದ್ದರೆ ಆ ಪ್ರಶ್ನೆಗೆ ಉತ್ತರ ಕೊಡುವ ಅಗತ್ಯವೇ ಇಲ್ಲ. ಆದರೆ ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿ ನಿಮ್ಮ ಮನೆಯಲ್ಲಿದ್ದರೆ ಇಂದೇ ಬಿಟ್ಟುಬಿಡಿ. ಎರಡು ಮಕ್ಕಳಿಗೆ ಹಾಲೂಡಿಸುವವಳ ಬಾಯಾರಿಕೆಗೆ ನೀರು ಅಳೆದು ಕೊಡುವುದು ಅನ್ಯಾಯ. ಕೂತಲ್ಲೇ ಕೈಗೆಟುಕುವಂತೆ ಒಂದು ಚೊಂಬು ನೀರು, ತಿನ್ನಲು ಏನಾದರೂ ಇಡಿ.

ವೈದ್ಯರು ಪುಡಿಹಾಲು ಬರೆದುಕೊಟ್ಟಿದ್ದರೆ ಡಬ್ಬಿಯ ಮೇಲಿನ ಅಳತೆ ಮೀರಬೇಡಿ. ಎರಡು ಮಕ್ಕಳಿಗೆ ಡಬ್ಬಿ ಬೇಗ ಖಾಲಿಯಾಗುತ್ತದೆಂದು ನೀರು ಜಾಸ್ತಿ ಬೆರೆಸುವ ಮನೆಗಳಿವೆ. ಹೊಟ್ಟೆ ತುಂಬಿದಂತೆ ಕಾಣುತ್ತದೆ, ಮೈ ಹಿಡಿಯುವುದಿಲ್ಲ. ಬಾಟಲಿಗಿಂತ ನಮ್ಮ ಹಳೆಯ ಒಳಲೆಯೇ ಮೇಲು. ನಿಪ್ಪಲ್ಲಿನ ಸಂದಿಗೊಂದಿ ತಿಕ್ಕುವ ಕೆಲಸವಿಲ್ಲ, ತೊಳೆದು ಕುದಿಸಿದರೆ ಆಯಿತು.

ಇನ್ನು ರಾತ್ರಿ. ಈಗ ನೀವಿಬ್ಬರೂ ಎಲ್ಲ ಸಲವೂ ಒಟ್ಟಿಗೆ ಏಳುತ್ತಿದ್ದೀರಿ ಎಂದು ನನ್ನ ಊಹೆ. ಅದು ಪ್ರೀತಿಯೇ, ಆದರೆ ಲೆಕ್ಕ ತಪ್ಪಿದ ಪ್ರೀತಿ. ಪಾಳಿ ಮಾಡಿಕೊಳ್ಳಿ. ಮಗಳು ಒಂಬತ್ತಕ್ಕೆ ಹಾಲೂಡಿಸಿ ಬೇರೆ ಕೋಣೆಯಲ್ಲಿ ಮಲಗಲಿ. ಹಗಲಲ್ಲಿ ಹಿಂಡಿ ಫ್ರಿಜ್ಜಿನಲ್ಲಿಟ್ಟ ಎದೆಹಾಲನ್ನು ಹನ್ನೆರಡರ ಹೊತ್ತಿಗೆ ನೀವು ಕುಡಿಸಿ. ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿದರೆ ಸಾಕು, ಒಲೆಯ ಮೇಲೆ ಕಾಯಿಸಬೇಡಿ. ಹಿಂಡಿದ ಹಾಲನ್ನು ಒಂದು ದಿನದೊಳಗೆ ಬಳಸಿ ಮುಗಿಸಿ. ಮಗಳು ಮೂರರ ಹೊತ್ತಿಗೆ ಎದ್ದರೆ ಐದಾರು ಗಂಟೆಯ ಇಡೀ ನಿದ್ದೆ ಸಿಕ್ಕಿರುತ್ತದೆ. ಅಲ್ಲಿಂದ ಬೆಳಗಿನವರೆಗೆ ನೀವು ಮಲಗಿ. ನಡುವೆ ಅವಳಿಗೆ ಎದೆ ಬಿಗಿದರೆ ಒಂದಿಷ್ಟು ಹಿಂಡಿ ಮತ್ತೆ ಮಲಗಬಹುದು.

ಮಕ್ಕಳನ್ನು ಒಂದೇ ಕೋಣೆಯಲ್ಲಿ, ಬೇರೆ ಬೇರೆ ಹಾಸಿಗೆಯಲ್ಲಿ, ಅಂಗಾತ ಮಲಗಿಸಿ. ಮುದ್ದಾಗಿ ಕಾಣುತ್ತದೆಂದು ಎರಡನ್ನೂ ಒಂದೇ ತೊಟ್ಟಿಲಿಗೆ, ಒಂದೇ ಹೊದಿಕೆಯಡಿ ಹಾಕುವುದು ಬೇಡ. ಒಬ್ಬನ ಕೈ ಇನ್ನೊಬ್ಬನ ಮುಖದ ಮೇಲೆ ಬಿದ್ದರೆ ಸರಿಸಿಕೊಳ್ಳುವ ಶಕ್ತಿ ಅವಕ್ಕಿಲ್ಲ. ಸೀರೆಯ ಜೋಲಿಯಲ್ಲಿ ಕುತ್ತಿಗೆ ಮಡಿಚಿಕೊಳ್ಳುತ್ತದೆ, ಆದ್ದರಿಂದ ಅದರಲ್ಲಿ ಹಾಕಿದಾಗ ಎದುರಿಗೇ ಕೂತಿರಿ, ರಾತ್ರಿಗಂತೂ ಬೇಡ.

ವೇಳೆ ಒಂದೇ ಇರಲಿ ಎಂದೆ. ಲೆಕ್ಕ ಮಾತ್ರ ಎರಡಿರಬೇಕು. ನಿದ್ದೆಗೆಟ್ಟ ಮನೆಯಲ್ಲಿ ಅತಿ ಸುಲಭವಾಗಿ ಆಗುವ ಪ್ರಮಾದವೆಂದರೆ ಒಂದೇ ಮಗುವಿಗೆ ಎರಡು ಸಲ ಔಷಧಿ ಬಿದ್ದು ಇನ್ನೊಂದಕ್ಕೆ ಬೀಳದಿರುವುದು. ಹಳೆಯ ಕ್ಯಾಲೆಂಡರಿನ ಹಾಳೆ ತಿರುಗಿಸಿ ಗೋಡೆಗೆ ಅಂಟಿಸಿ, ನಡುವೆ ಗೆರೆ ಎಳೆದು ಪೆನ್ನು ಕಟ್ಟಿಬಿಡಿ. ಕುಡಿದ ಹೊತ್ತು, ಉಚ್ಚೆ, ಕಕ್ಕ, ಹನಿ ಔಷಧಿ, ಇಷ್ಟು ಬರೆದರೆ ಸಾಕು. ಮೊಬೈಲಿನಲ್ಲಿ ಇದಕ್ಕೆ ಆ್ಯಪ್‌ಗಳಿವೆ, ಆದರೆ ಅದು ಮಗಳ ಮೊಬೈಲಿನಲ್ಲಿರುತ್ತದೆ, ರಾತ್ರಿ ಎರಡಕ್ಕೆ ಎದ್ದವರು ನೀವು. ಗೋಡೆಯೇ ವಾಸಿ. ವಿಟಮಿನ್ ಡಿ, ಕಬ್ಬಿಣದ ಹನಿಗಳನ್ನು ವೈದ್ಯರು ಬರೆದಿದ್ದರೆ, ದಿನವೂ ಒಂದೇ ಹೊತ್ತಿಗೆ, ಒಬ್ಬರೇ ಹಾಕಿ, ಹಾಕಿದ ಕೂಡಲೇ ಗುರುತು ಮಾಡಿ. ಜ್ವರದ ಔಷಧಿ ಮಗುವಿನ ತೂಕದ ಮೇಲೆ ಹೋಗುತ್ತದೆ. ಇಬ್ಬರ ತೂಕ ಬೇರೆಯಿದ್ದರೆ ಪ್ರಮಾಣವೂ ಬೇರೆ. ಈ ವಯಸ್ಸಿನಲ್ಲಿ ಜ್ವರ ಬಂದರೆ ವೈದ್ಯರನ್ನು ಕೇಳದೆ ಏನೂ ಹಾಕಬೇಡಿ.

ಇಬ್ಬರೂ ಒಂದೇ ಅಚ್ಚಿನಂತಿದ್ದರೆ ಉಡಿದಾರದ ಬಣ್ಣ ಬೇರೆ ಮಾಡಿ, ಒಬ್ಬನಿಗೆ ಕಪ್ಪು, ಒಬ್ಬನಿಗೆ ಕೆಂಪು, ಬಿಗಿಯಾಗದಂತೆ. ದೃಷ್ಟಿಬೊಟ್ಟನ್ನೂ ಒಬ್ಬನಿಗೆ ಎಡಗೆನ್ನೆಗೆ, ಇನ್ನೊಬ್ಬನಿಗೆ ಬಲಗೆನ್ನೆಗೆ ಇಟ್ಟರೆ ದೃಷ್ಟಿಯೂ ತೆಗೆದಂತಾಯಿತು, ಗುರುತೂ ಆಯಿತು. ಕಾಡಿಗೆ ಕಣ್ಣಿಗೆ ಮಾತ್ರ ಬೇಡ.

ತಾಯಿ ಕಾರ್ಡಿನಲ್ಲಿ ಲಸಿಕೆಯ ಪುಟ ಇಬ್ಬರಿಗೂ ಪ್ರತ್ಯೇಕವಾಗಿರಲಿ, ಇಲ್ಲದಿದ್ದರೆ ಇನ್ನೊಂದು ಕಾರ್ಡು ಕೇಳಿ ಪಡೆಯಿರಿ. 6, 10 ಮತ್ತು 14 ವಾರದ ಚುಚ್ಚುಮದ್ದುಗಳನ್ನು ಹುಟ್ಟಿದ ದಿನದಿಂದಲೇ ಎಣಿಸಬೇಕು. ಬೇಗ ಹುಟ್ಟಿದವೆಂದು ಮುಂದೂಡಬಾರದು. ಬೆಳವಣಿಗೆಯ ಎಣಿಕೆ ಮಾತ್ರ ಬೇರೆ. 40 ವಾರಕ್ಕೆ 5 ವಾರ ಮೊದಲೇ ಬಂದವು, ಹಾಗಾಗಿ ಆ 5 ವಾರ ಕಳೆದು ನೋಡಿ. ನಗುವುದು, ಕುತ್ತಿಗೆ ನಿಲ್ಲಿಸುವುದು ಆ ಲೆಕ್ಕದಲ್ಲಿ ಬರುತ್ತದೆ. ಒಬ್ಬ ಮೊದಲು ಮಗುಚಿದನೆಂದು ಇನ್ನೊಬ್ಬನನ್ನು ಅಳೆಯಬೇಡಿ.

ಹೆಸರಿಡುವಾಗಲೂ ಒಂದು ಮಾತು. ಪ್ರಾಸ ಚೆನ್ನಾಗಿರುತ್ತದೆಂದು ರಕ್ಷಿತ್–ರಚಿತ್ ಎಂಬಂಥ ಜೋಡಿ ಇಡುತ್ತಾರೆ. ಹುಟ್ಟಿದ ದಿನ, ತಂದೆಯ ಹೆಸರು, ವಿಳಾಸ, ಇನಿಷಿಯಲ್ ಎಲ್ಲ ಒಂದೇ ಆಗಿ, ಹೆಸರೂ ಹತ್ತಿರ ಹತ್ತಿರ ಇದ್ದರೆ ಆಧಾರ್‌ನಿಂದ ಶಾಲೆಯ ಹಾಜರಿಯವರೆಗೆ ಗೋಜಲು ತಪ್ಪಿದ್ದಲ್ಲ. ಮೊದಲಕ್ಷರವಾದರೂ ಬೇರೆಯಿರಲಿ.

ಸ್ನಾನದ ವಿಷಯದಲ್ಲಿ ನೀವು ಒಪ್ಪುತ್ತೀರೋ ಇಲ್ಲವೋ, ಹೇಳಿಬಿಡುತ್ತೇನೆ. ದಿನವೂ ಎರಡು ಕೂಸಿಗೆ ಎಣ್ಣೆ ತಿಕ್ಕಿ ನೀರೆರೆಯುವ ಅಗತ್ಯವಿಲ್ಲ. ಇವತ್ತು ಒಬ್ಬನಿಗೆ, ನಾಳೆ ಇನ್ನೊಬ್ಬನಿಗೆ. ಎರೆಯದ ದಿನ ಬೆಚ್ಚಗಿನ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಸಾಂಬ್ರಾಣಿ ಹೊಗೆ ಎಳೆಯ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಅದನ್ನು ಪೂರ್ತಿ ಬಿಡಿ.

ಅವಳಿ ಮಕ್ಕಳನ್ನು ಕೂರಿಸಿ ತಳ್ಳುವ ಜೋಡಿ ಗಾಡಿ ಕೊಳ್ಳುವ ಯೋಚನೆಯಿದ್ದರೆ ಕೈಬಿಡಿ. ನಮ್ಮ ಬಾಗಿಲುಗಳಿಗೂ ಫುಟ್‌ಪಾತುಗಳಿಗೂ ಅದು ಹೊಂದುವುದಿಲ್ಲ. ಆ ದುಡ್ಡಿಗೆ ಪಾತ್ರೆ ಬಟ್ಟೆಗೆ ಕೆಲವು ತಿಂಗಳು ಒಬ್ಬರನ್ನು ಇಟ್ಟುಕೊಳ್ಳಿ. ನೋಡಲು ಬರುವ ನೆಂಟರಿಗೂ ಕೆಲಸ ಹೇಳಿ. ಮಗುವನ್ನು ಎತ್ತಿಕೊಳ್ಳಲು ಎಲ್ಲರೂ ಸಿದ್ಧ, ಒಣಗಿದ ಲಂಗೋಟಿ ಮಡಿಚಲು ಯಾರೂ ಇಲ್ಲ. ಎತ್ತಿಕೊಳ್ಳುವವರು ಸೋಪು ಹಾಕಿ ಕೈ ತೊಳೆಯಲಿ. ಕೆಮ್ಮು ನೆಗಡಿ ಇದ್ದವರು ಇನ್ನೊಂದು ದಿನ ಬರಲಿ.

ಮಗಳ ಮುಖವನ್ನೂ ನೋಡುತ್ತಿರಿ. ಅವಳಿ ಹೆತ್ತ ತಾಯಂದಿರಲ್ಲಿ ಹೆರಿಗೆಯ ನಂತರದ ಖಿನ್ನತೆ ಹೆಚ್ಚು. ಮಕ್ಕಳು ಮಲಗಿದ್ದರೂ ಅವಳಿಗೆ ನಿದ್ದೆ ಬಾರದಿದ್ದರೆ, ವಾರಗಟ್ಟಲೆ ಅಳುತ್ತಿದ್ದರೆ, ಮಕ್ಕಳ ಮೇಲೆ ಮನಸ್ಸೇ ಬರುತ್ತಿಲ್ಲ ಎಂದರೆ, ಸುಸ್ತು ಎಂದು ತಳ್ಳಿಹಾಕಬೇಡಿ. ಟೆಲಿ ಮಾನಸ್‌ನ 14416 ಸಂಖ್ಯೆಗೆ ದಿನದ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ತಾಯಿ–ಮಗುವನ್ನು ಅಗಲಿಸದೆ ಒಟ್ಟಿಗೇ ಸೇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗವೂ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ.

ಕೊನೆಗೆ ಅಳಿಯಂದಿರ ಮಾತು. ವಾರಕ್ಕೊಮ್ಮೆ ಬಂದಾಗ ಅವರಿಗೆ ಹೋಳಿಗೆ ಬಡಿಸಿ, ಹಾಸಿಗೆ ಹಾಸಿ ಉಪಚರಿಸುತ್ತಿದ್ದೀರಿ ಎಂದು ನನಗೆ ಅನುಮಾನ. ಹೋಳಿಗೆ ಬಡಿಸಿ, ತಪ್ಪಿಲ್ಲ. ಆದರೆ ಆ ರಾತ್ರಿ ಒಂಬತ್ತರಿಂದ ಮೂರರ ಪಾಳಿ ಅವರದ್ದಾಗಲಿ. ಒಳಲೆ ಹಿಡಿಯುವುದನ್ನು, ತೇಗಿಸುವುದನ್ನು, ಗೋಡೆಯ ಮೇಲೆ ಬರೆಯುವುದನ್ನು ನೀವೇ ಕಲಿಸಿ. ಅಳಿಯನಿಗೆ ಕೆಲಸ ಹೇಳುವುದು ಹೇಗೆ ಎಂಬ ಸಂಕೋಚ ಬೇಡ. ಮಕ್ಕಳು ಅವರವೇ, ಮತ್ತು ಮೂರು ತಿಂಗಳೋ ಐದು ತಿಂಗಳೋ ಆದ ಮೇಲೆ ಬೆಂಗಳೂರಿನ ಮನೆಯಲ್ಲಿ ಆ ಮೂರನೇ ಕೈ ಅವರದ್ದೇ ಆಗಬೇಕು.